ನೆಟ್ ಇಲ್ಲದ ಕ್ಲಾಸಿಗೆ ಪುಕ್ಕಟೆ ಸಾಫ್ಟ್‌ವೇರ್ ಹುಡುಕಿದ್ದು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಕಲಿಸುವವಳು. ನಮ್ಮ ಶಾಲೆಯಲ್ಲಿರುವುದು ಒಂದು ಹಳೇ ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್. ನೆಟ್ ಬೇಕೆಂದರೆ ನನ್ನ ಮೊಬೈಲಿನದ್ದೇ. ಅದೂ ಕಿಟಕಿ ಪಕ್ಕದ ಬೆಂಚಿನ ಮೇಲಿಟ್ಟರೆ ಮಾತ್ರ ಸಿಗ್ನಲ್ ಬರುತ್ತದೆ. ಕರೆಂಟಿನ ಕಥೆ ಹೇಳುವುದೇ ಬೇಡ.

ಮೊದಮೊದಲು "ಶಿಕ್ಷಕರಿಗೆ ಉಚಿತ ಆ್ಯಪ್" ಅಂತ ಹುಡುಕಿ, ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡೆ. ಒಂದು ದಸರಾ ರಜೆ ಪೂರ್ತಿ ಅದಕ್ಕೇ ಹೋಯಿತು. ಒಂದರಲ್ಲಿ ಎರಡು ರಾತ್ರಿ ಕೂತು ಪಾಠ ತಯಾರು ಮಾಡಿದ್ದೆ. ಹದಿನೈದು ದಿನ ಬಿಟ್ಟು ತೆರೆದರೆ ದುಡ್ಡು ಕಟ್ಟಿ ಅಂತು. ಪಾಠ ನನ್ನದು, ಬೀಗ ಅವರದು! ಇನ್ನೊಂದು ಮಕ್ಕಳ ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮನ ಫೋನ್ ನಂಬರ್ ಎಲ್ಲ ಕೇಳಿತು. ಪುಕ್ಕಟೆ ಕೊಡುವವರಿಗೆ ಅದೆಲ್ಲ ಯಾಕೆ ಬೇಕು, ಅಲ್ವಾ? ಅವತ್ತೇ ಅಳಿಸಿದೆ.

ಆಮೇಲೆ ಬುದ್ಧಿ ಬಂತು. ನನ್ನ ಮಕ್ಕಳು ಪ್ರತಿ ವರ್ಷ ಎಲ್ಲೆಲ್ಲಿ ಮುಗ್ಗರಿಸುತ್ತಾರೆ ಅಂತ ಡೈರಿಯ ಕೊನೇ ಪುಟದಲ್ಲಿ ಬರೆದೆ. ಮೇಲಿನ ಸಾಲಿನಲ್ಲೇ ಇದ್ದದ್ದು ಹತ್ತನೇ ಕ್ಲಾಸಿನ ವಿದ್ಯುತ್ ಪಾಠ. ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಎರಡು ಬಲ್ಬ್ ಜೋಡಿಸಿದರೆ ಏನಾಗುತ್ತದೆ ಅಂತ ಕೇಳಿ ನೋಡಿ. "ಮೊದಲನೇ ಬಲ್ಬ್ ಒಂದಷ್ಟು ಕರೆಂಟ್ ತಿಂದುಬಿಡುತ್ತೆ ಮಿಸ್, ಮಿಕ್ಕಿದ್ದು ಎರಡನೇದಕ್ಕೆ" ಅನ್ನುತ್ತಾರೆ. ನಿಜವಾದ ಬಲ್ಬ್ ತಂದು ತೋರಿಸಿದರೆ ಇನ್ನೂ ಫಜೀತಿ. ಅಂಗಡಿಯಿಂದ ತಂದ ಎರಡು ಟಾರ್ಚ್ ಬಲ್ಬ್ ಒಂದೇ ಥರ ಉರಿಯುವುದೇ ಇಲ್ಲ. ಒಂದು ಮಂಕಾಗಿ ಉರಿದರೆ ಸಾಕು, "ನೋಡಿ ಮಿಸ್, ನಾವು ಹೇಳಿರಲಿಲ್ವಾ?" ಅಂತ ಅವರೇ ಗೆಲ್ಲುತ್ತಾರೆ!

ಇದಕ್ಕೆ ಔಷಧ ಸಿಕ್ಕಿದ್ದು ಫೆಟ್‌ನಲ್ಲಿ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ, ವಿಜ್ಞಾನದ ಪ್ರಯೋಗಗಳನ್ನು ಕಂಪ್ಯೂಟರ್ ಪರದೆ ಮೇಲೇ ಮಾಡಿ ನೋಡುವ ಯೋಜನೆ ಇದು. ಲಾಗಿನ್ ಬೇಡ, ದುಡ್ಡೂ ಬೇಡ. ಪ್ರಯೋಗವೊಂದನ್ನು ಒಂದೇ ಫೈಲ್ ಆಗಿ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಯಾವ ಬ್ರೌಸರ್‌ನಲ್ಲಾದರೂ ತೆರೆಯುತ್ತದೆ. ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕೆಲವು ಕನ್ನಡದಲ್ಲೂ ಇವೆ.

ಅದರಲ್ಲಿ ಸರ್ಕ್ಯೂಟ್ ಕಟ್ಟುವ ಒಂದು ಪ್ರಯೋಗ ಇದೆ. 9 ವೋಲ್ಟಿನ ಬ್ಯಾಟರಿ, 10 ಓಮ್‌ನ ಎರಡು ಬಲ್ಬ್ ಎಳೆದು ಜೋಡಿಸಿದೆ, ಕೊನೇ ತಂತಿಯೊಂದನ್ನು ಬಿಟ್ಟು. ಮೊದಲು ಕೈ ಎತ್ತಿಸಿ ಓಟು ಹಾಕಿಸಿದೆ. ಮುಕ್ಕಾಲು ಪಾಲು ಕ್ಲಾಸು "ತಿಂದುಬಿಡುತ್ತೆ" ಪಾರ್ಟಿ. ತಂತಿ ಕೂಡಿಸಿದ ತಕ್ಷಣ ನೀಲಿ ಎಲೆಕ್ಟ್ರಾನುಗಳು ಸಾಲಾಗಿ ಹೊರಟವು. ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಹೋಗಿ ಗೋಡೆ ಮೇಲೆ ಬೆರಳಿಟ್ಟು ಎಣಿಸಿದಳು. ಬಲ್ಬಿನ ಈ ಕಡೆ, ಆಮೇಲೆ ಆ ಕಡೆ. "ಎರಡೂ ಕಡೆ ಅಷ್ಟೇ ಹೋಗ್ತಿವೆ ಮಿಸ್!" ಕರೆಂಟ್ ಅಳೆಯುವ ಅಮ್ಮೀಟರ್ ಇಟ್ಟೆವು. ಎಲ್ಲಿಟ್ಟರೂ 0.45 ಆಂಪಿಯರ್. ಒಂದು ಬಲ್ಬ್ ತೆಗೆದು ಆ ಜಾಗಕ್ಕೆ ತಂತಿ ಕೂಡಿಸಿದರೆ 0.90. ಆಗ ಹಿಂದಿನ ಬೆಂಚಿನಿಂದ ಬಂತು ನಾನು ಇಷ್ಟು ವರ್ಷ ಕಾಯುತ್ತಿದ್ದ ಪ್ರಶ್ನೆ: "ಕರೆಂಟ್ ತಿನ್ನಲ್ಲ ಅಂದ್ರೆ ಬಲ್ಬ್ ಮತ್ತೇನು ತಿನ್ನುತ್ತೆ?" ಮಿಕ್ಕ ಪೀರಿಯಡ್ ಪೂರ್ತಿ ಅದರ ಮೇಲೇ ನಡೆಯಿತು. ಕೊನೇ ಐದು ನಿಮಿಷ ಮಕ್ಕಳೇ ಶಾರ್ಟ್ ಸರ್ಕ್ಯೂಟ್ ಮಾಡಿ ಬ್ಯಾಟರಿಗೆ ಬೆಂಕಿ ಹಚ್ಚಿದರು. ಪರದೆಯ ಮೇಲೆ ತಾನೇ, ಬಿಟ್ಟೆ.

ಗಣಿತಕ್ಕೆ ಜಿಯೋಜೀಬ್ರಾ, ಆಕೃತಿಗಳನ್ನು ಪರದೆ ಮೇಲೆ ಎಳೆದಾಡಿ ನೋಡುವ ಸಾಫ್ಟ್‌ವೇರ್. ಅದರ ಬಗ್ಗೆ ತುಂಬಾ ಜನ ಹೇಳಿದ್ದಾರೆ, ನಾನು ಒಂದೇ ಮಾತು ಹೇಳುತ್ತೇನೆ: ಮೌಸ್ ಮಕ್ಕಳ ಕೈಗೆ ಕೊಡಿ. ನಾವೇ ತ್ರಿಭುಜ ಎಳೆದಾಡಿ ತೋರಿಸಿದರೆ ಅದು ಬೋರ್ಡಿಗಿಂತ ಹೆಚ್ಚೇನೂ ಅಲ್ಲ.

ಮಕ್ಕಳ ಕೈಯಲ್ಲಿ ಫೋನ್ ಇಲ್ಲದೆ ಪರೀಕ್ಷೆ ಮಾಡಲು ಪ್ಲಿಕರ್ಸ್ ಇದೆ. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್. ಉತ್ತರ ಎ ಆದರೆ ಎ ಬದಿ ಮೇಲೆ ಬರುವಂತೆ ಹಿಡಿಯಬೇಕು. ನನ್ನ ಫೋನಿನ ಕ್ಯಾಮೆರಾ ಒಂದು ಸಲ ಕ್ಲಾಸಿನ ಮೇಲೆ ಹಾಯಿಸಿದರೆ ಯಾರು ಏನು ಹೇಳಿದರು ಅಂತ ಬರುತ್ತದೆ. ಅಕ್ಷರ ತೀರಾ ಸಣ್ಣದು, ಕಾರ್ಡಿನ ಆಕಾರವೂ ಒಬ್ಬೊಬ್ಬರದು ಒಂದೊಂದು ಥರ. ಹಾಗಾಗಿ ಪಕ್ಕದವನದು ನೋಡಿ ಕಾಪಿ ಮಾಡಲು ಆಗುವುದಿಲ್ಲ. ಹೆಸರಿನ ಬದಲು ಹಾಜರಿ ನಂಬರ್ ಮಾತ್ರ ಹಾಕಿದ್ದೇನೆ. ಇದಕ್ಕೆ ಮಾತ್ರ ನೆಟ್ ಬೇಕು, ಆದ್ದರಿಂದ ನಾನೇ ಕಿಟಕಿ ಪಕ್ಕ ನಿಲ್ಲುತ್ತೇನೆ. ಉಚಿತ ಖಾತೆಯಲ್ಲಿ ಪ್ರಶ್ನೆಗಳಿಗೆ ಮಿತಿ ಇದೆ, ನನಗೆ ಅಷ್ಟು ಸಾಕು. ನಾನು ಮಾಡಿದ ಎಡವಟ್ಟು ಬೇರೆ. ಕಾರ್ಡ್ ಹಾಳಾಗಬಾರದು ಅಂತ ಎಲ್ಲಕ್ಕೂ ಹೊಳೆಯುವ ಲ್ಯಾಮಿನೇಷನ್ ಮಾಡಿಸಿದೆ. ಬೆಳಕು ಬಿದ್ದು ಕ್ಯಾಮೆರಾಗೆ ಅರ್ಧ ಕಾರ್ಡ್ ಕಾಣಲೇ ಇಲ್ಲ! ಮತ್ತೆ ಪ್ರಿಂಟ್ ತೆಗೆದು ಹಳೇ ರಟ್ಟಿಗೆ ಅಂಟಿಸಿದೆ. ಪುಕ್ಕಟೆ ಸಾಫ್ಟ್‌ವೇರಿಗೆ ನಾನು ಖರ್ಚು ಮಾಡಿದ್ದು ಅಷ್ಟೇ.

ನನಗೆ ತುಂಬಾ ಇಷ್ಟವಾದದ್ದು ಸ್ಟೆಲೇರಿಯಂ. ಊರು, ದಿನ, ಹೊತ್ತು ಕೊಟ್ಟರೆ ಆಗಿನ ಆಕಾಶ ತೋರಿಸುತ್ತದೆ. ಎಫ್5 ಒತ್ತಿದರೆ ದಿನಾಂಕ, ಎಫ್6 ಒತ್ತಿದರೆ ಊರು. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ಆಯಿತು. ಒಂದು ದಿನ ಕಂಕಣ ಸೂರ್ಯಗ್ರಹಣ ತೋರಿಸಲು ಮಂಗಳೂರು, 26 ಡಿಸೆಂಬರ್ 2019 ಅಂತ ಕೊಟ್ಟು, ಬೆಳಿಗ್ಗೆ ಎಂಟರಿಂದ ನಿಧಾನವಾಗಿ ಓಡಿಸಿದೆ. ಸೂರ್ಯನನ್ನು ದೊಡ್ಡದು ಮಾಡಿಟ್ಟಿದ್ದೆ. ಒಂಬತ್ತೂವರೆ ಹತ್ತಿರ ಉಂಗುರ ಆಯಿತು. ಇಡೀ ಕ್ಲಾಸು ಗಪ್‌ಚುಪ್. ಗ್ರಹಣದ ದಿನ ಆ ಮಕ್ಕಳಲ್ಲಿ ತುಂಬಾ ಜನರನ್ನು ಬಾಗಿಲು ಹಾಕಿ ಒಳಗೆ ಕೂರಿಸಿದ್ದರಂತೆ. "ಇಷ್ಟೇನಾ ಮಿಸ್? ಇದಕ್ಕೆ ನಮ್ಮಜ್ಜಿ ತಿಂಡೀನೂ ಕೊಡ್ಲಿಲ್ಲ" ಅಂದ ಒಬ್ಬ.

ಅದೇ ಗುಂಪು ನೆರಳಿಲ್ಲದ ದಿನವನ್ನೂ ಅದರಲ್ಲೇ ಹುಡುಕಿತು. ಬೆಂಗಳೂರಿನಲ್ಲಿ ಏಪ್ರಿಲ್ 24, ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ನಮ್ಮೂರಿಗೂ ಒಂದೆರಡು ದಿನದ ವ್ಯತ್ಯಾಸ ಅಷ್ಟೇ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಹಾಗಾಗಿ ಆಗಸ್ಟಿನಲ್ಲಿ ಹನ್ನೆರಡು ಇಪ್ಪತ್ತಕ್ಕೇ ಅಂಗಳದಲ್ಲಿ ನೀರಿನ ಬಾಟಲಿ ನಿಲ್ಲಿಸಿ ಸುತ್ತ ನಿಂತೆವು. ಸುಡುಗಾಡು ಮೋಡ. ಒಂದು ಗಳಿಗೆ ಬಿಸಿಲು ಬಿತ್ತು, ಹುಡುಗರು ಬಗ್ಗಿದರು, ಅವರ ತಲೆಯ ನೆರಳೇ ಬಾಟಲಿಯನ್ನು ಮುಚ್ಚಿಬಿಟ್ಟಿತು. ಮುಂದಿನ ವರ್ಷಕ್ಕೆ ಸುಣ್ಣದಲ್ಲಿ ಗೆರೆ ಹಾಕಿ ಎಲ್ಲರನ್ನೂ ಮೂರಡಿ ದೂರ ನಿಲ್ಲಿಸಬೇಕು.