ಬದುವಿನಲ್ಲಿ ನರಿ, ಹಿತ್ತಲಲ್ಲಿ ನನ್ನ ಕೋಳಿ

ನಮ್ಮ ತೋಟದ ಮನೆ ಮಧುಗಿರಿ ತಾಲ್ಲೂಕಿನಲ್ಲಿ, ಮೈದೇನಹಳ್ಳಿ ಕಡೆ. ಕೃಷ್ಣಮೃಗಕ್ಕೆ ಅಂತ 2007ರಲ್ಲಿ ಘೋಷಿಸಿದ 798 ಎಕರೆಯ ಜಯಮಂಗಲಿ ಮೀಸಲು ಇಲ್ಲೇ ಹತ್ತಿರ. ಬಯಲು ಸೀಮೆ, ಮರ ಕಡಿಮೆ, ಹುಲ್ಲು ಜಾಸ್ತಿ. ಹಿತ್ತಲು ದಾಟಿದರೆ ಕಡ್ಲೇಕಾಯಿ ಹೊಲ, ಅದರಾಚೆ ಗೋಮಾಳ. ಹೊಲಕ್ಕೂ ಗೋಮಾಳಕ್ಕೂ ನಡುವಿನ ಬದುವಿನಲ್ಲಿ ನರಿ ಸಂಸಾರ ಹೂಡಿದೆ ಅಂತ ನನಗೆ ಗೊತ್ತಾಗಿದ್ದು ಕೋಳಿ ಕಳೆದುಕೊಂಡ ಮೇಲೆ.

ಒಂದೇ ವಾರದಲ್ಲಿ ಮೂರು ನಾಟಿ ಕೋಳಿ ಹೋದವು. "ನರೀನೇ ಕಣಮ್ಮ, ಇನ್ಯಾವುದು ಬರುತ್ತೆ" ಅಂದರು ಅತ್ತೆ. ಪಕ್ಕದ ಹೊಲದ ಅಣ್ಣ ಬಿಲಕ್ಕೆ ಹೊಗೆ ಹಾಕೋಣ ಅಂತ ಒಣಹುಲ್ಲು, ಮೆಣಸಿನಕಾಯಿ ಹಿಡಿದುಕೊಂಡೇ ಬಂದರು. ಎರಡು ದಿನ ತಡೀರಿ ಅಂದೆ. ನರಿ ಮೇಲಿನ ಕರುಣೆಗೆ ಅಂತ ಸುಳ್ಳು ಹೇಳಲ್ಲ. ಗೂಡಿನ ಚಿಲಕ ಹಾಕಿದ ಹಾಗೇ ಇತ್ತು. ಮೂರನೇ ಕೋಳಿ ತಲೆಯಿಲ್ಲದೆ ಒಳಗೇ ಬಿದ್ದಿತ್ತು. ಕೆಳಗೆಲ್ಲೂ ಮಣ್ಣು ಕೆರೆದಿರಲಿಲ್ಲ. ಲೆಕ್ಕ ಕೂಡಲಿಲ್ಲ.

ಆ ರಾತ್ರಿ ಒಲೆಯ ಬೂದಿಯನ್ನು ಜರಡಿ ಹಿಡಿದು, ಗೂಡಿನ ಸುತ್ತ ಎರಡಡಿ ಅಗಲಕ್ಕೆ ತೆಳ್ಳಗೆ ಉದುರಿಸಿದೆ. ಮೊದಲ ಬೆಳಿಗ್ಗೆ ಹೆಗ್ಗಣದ ಗುರುತು ಬಿಟ್ಟರೆ ಏನೂ ಇಲ್ಲ. ಎರಡನೇ ಬೆಳಿಗ್ಗೆ ನರಿ ಹೆಜ್ಜೆ ಸಿಕ್ಕಿತು. ಪುಟ್ಟದು, ಸ್ವಲ್ಪ ಉದ್ದಕ್ಕಿರುವ ಆಕಾರ, ನಾಲ್ಕು ಬೆರಳು, ಪ್ರತಿ ಬೆರಳ ಮುಂದೆ ಸೂಜಿ ಚುಚ್ಚಿದ ಹಾಗೆ ಉಗುರಿನ ಚುಕ್ಕಿ. ಬೂದಿಯ ಒಂದು ಮೂಲೆ ತುಳಿದು, ಗೂಡಿನ ಕಡೆ ತಿರುಗದೆ ನೆಟ್ಟಗೆ ಬೇವಿನ ಮರದ ಬುಡಕ್ಕೆ ಹೋಗಿತ್ತು. ಮೂರನೇ ಬೆಳಿಗ್ಗೆ ಬೇರೆಯದೇ ಹೆಜ್ಜೆ. ದುಂಡಗೆ, ಉಗುರಿನ ಗುರುತೇ ಇಲ್ಲ. ಬೆಕ್ಕಿನ ಜಾತಿ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುತ್ತದೆ. ಮನೆ ಬೆಕ್ಕಿನದಕ್ಕಿಂತ ದಪ್ಪ ಹೆಜ್ಜೆ. ಕಾಡುಬೆಕ್ಕು! ಗೋಡೆ ಮೇಲೆ ಬೂದಿ ಮೆತ್ತಿದ ಕಾಲಿನ ಗುರುತು, ಮೇಲೆ ತಗಡಿನ ಶೀಟು ಎದ್ದುಕೊಂಡಿದ್ದ ಕಡೆ ಕೈ ಹಿಡಿಸುವಷ್ಟು ಸಂದು. ಅಣ್ಣನನ್ನು ಕರೆದು ತೋರಿಸಿದೆ. ಅವರು ಬೀಡಿ ಹಚ್ಚಿಕೊಂಡು ಸುಮ್ನೆ ನೋಡಿದರು. ಹುಲ್ಲನ್ನು ಹಸುವಿಗೆ ಹಾಕಿ ಹೋದರು.

ಇಲ್ಲಿ ಹೆಸರಿನ ಗೊಂದಲವೂ ಇದೆ. ರಾತ್ರಿ ಗುಂಪಾಗಿ ಊಳಿಡುವುದು ದೊಡ್ಡ ನರಿ. ಎಂಟು ಹತ್ತು ಕಿಲೋ ತೂಗುತ್ತದೆ, ಕೋಳಿ, ಮೇಕೆ ಮರಿ ಹೊತ್ತೊಯ್ಯೋ ಶಕ್ತಿ ಅದಕ್ಕಿದೆ. ನಮ್ಮ ಬದುವಿನದು ಅದಲ್ಲ. ಎರಡು ಮೂರು ಕಿಲೋದ ಸಣ್ಣ ಪ್ರಾಣಿ, ಚೂಪು ಮೂತಿ, ದೊಡ್ಡ ಕಿವಿ, ಪೊದೆಯಂಥ ಬಾಲದ ತುದಿ ಕಪ್ಪು. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಕೆಂಪು ನರಿ ಅಂತಿದೆ. ಗುಳ್ಳೆನರಿ ಅನ್ನೋ ಹೆಸರನ್ನು ಕೆಲವರು ಇದಕ್ಕೆ, ಕೆಲವರು ಅದಕ್ಕೆ ಹೇಳುತ್ತಾರೆ. ಹೆಸರು ಒಂದೇ ಆದ್ದರಿಂದ ದೊಡ್ಡದು ಮಾಡಿದ ತಪ್ಪಿಗೆ ಸಣ್ಣದು ಹೊಗೆ ಕುಡಿಯುತ್ತೆ.

ಹಾಗಾದರೆ ಇದು ತಿನ್ನೋದೇನು? ಬದುವಿನ ಕಲ್ಲಿನ ಮೇಲೆ ಹಿಕ್ಕೆ ಬಿದ್ದಿತ್ತು. ಕಡ್ಡಿ ತಗೊಂಡು ಬಿಡಿಸಿ ನೋಡಿದೆ. (ನಮ್ಮನೆಯವರು ಇವತ್ತಿಗೂ ಅದನ್ನ ಹೇಳಿ ನಗ್ತಾರೆ.) ಎಲಚಿ ಹಣ್ಣಿನ ಬೀಜ, ಹಸಿರು ಹೊಳೆಯೋ ದುಂಬಿಯ ರೆಕ್ಕೆ ಚೂರು, ಇಲಿಯ ಕೂದಲು. ಪುಕ್ಕ ಇರಲಿಲ್ಲ. ಮೊದಲ ಮಳೆ ಬಿದ್ದ ಸಂಜೆ ದೀಪದ ಕೆಳಗೆ ಈಸುಳ್ಳಿ, ಅಂದರೆ ರೆಕ್ಕೆ ಬಂದ ಗೆದ್ದಲು, ಮುತ್ತಿಕೊಂಡಾಗ ಕಣ್ಣಾರೆ ಕಂಡೆ. ಅಂಗಳದ ಅಂಚಿನಲ್ಲಿ ನಿಂತು, ಒಂದೊಂದೇ ಹುಳವನ್ನು ಚಪ್ ಚಪ್ ಅಂತ ತಿನ್ನುತ್ತಿತ್ತು, ಹುರಿಗಡಲೆ ತಿನ್ನೋ ಹಾಗೆ. ಹಾಗಂತ ಕೋಳಿಪಿಳ್ಳೆಗಳನ್ನು ಸಂಜೆ ಹೊರಗೆ ಬಿಟ್ಟರೆ ಬಿಡುತ್ತಾ? ಬಿಡಲ್ಲ. ಅದೂ ಹೊಟ್ಟೆ ಇರೋ ಪ್ರಾಣಿನೇ ಅಲ್ವಾ.

ಗೂಡಿಗೆ ಮಾಡಿದ ರಿಪೇರಿ ದೊಡ್ಡದೇನಲ್ಲ. ಶೀಟಿನ ಸಂದು ಮುಚ್ಚಿಸಿದೆ. ಅಂಗಡಿಯ ತೆಳು ಕೋಳಿ ಜಾಲರಿ ನಾಯಿ ಹಲ್ಲಿಗೆ ಹರಿದುಹೋಗುತ್ತೆ ಅಂತ ಅರ್ಧ ಇಂಚಿನ ವೆಲ್ಡ್ ಮೆಶ್ ತಂದೆ. ಅದನ್ನು ಒಂದಡಿ ಮಣ್ಣೊಳಗೆ ಹೂತು, ತುದಿಯನ್ನು ಹೊರಕ್ಕೆ ಮಡಚಿದೆ. ಕೆರೆಯೋ ಪ್ರಾಣಿ ಗೋಡೆ ಬುಡದಲ್ಲೇ ಕೆರೆಯುತ್ತೆ, ಜಾಲರಿ ಅಡ್ಡ ಸಿಕ್ಕಿದರೆ ಬಿಟ್ಟುಹೋಗುತ್ತೆ. ಕತ್ತಲಾಗೋ ಮುಂಚೆ ಕೋಳಿ ಒಳಗೆ ಸೇರಬೇಕು, ಅಷ್ಟೇ. ಆಮೇಲೆ ಒಂದೂ ಹೋಗಿಲ್ಲ.

ನಾನು ಮಾಡಿದ ತಪ್ಪನ್ನೂ ಹೇಳಬೇಕು. ಈಸುಳ್ಳಿ ತಿನ್ನೋದು ನೋಡಿ ನನಗೆ ಪ್ರೀತಿ ಉಕ್ಕಿಬಿಟ್ಟಿತು. ರಾತ್ರಿ ಉಳಿದ ಮುದ್ದೆ, ಸಾರಿನ ಮೂಳೆ ಹಿತ್ತಲ ಕಲ್ಲಿನ ಮೇಲೆ ಇಡೋಕೆ ಶುರು ಮಾಡಿದೆ. ಹದಿನೈದು ದಿನಕ್ಕೆ ಅದು ಜಗಲಿವರೆಗೂ ಬಂತು. ಮಗನ ಹವಾಯಿ ಚಪ್ಪಲಿ ಒಂದು ಕಾಲಿನದು ಮಾಯವಾಯಿತು. ಅಲ್ಲಿಗೆ ನಿಂತಿದ್ದರೆ ಪರವಾಗಿರಲಿಲ್ಲ. ಮೂಳೆ ವಾಸನೆಗೆ ಊರ ನಾಯಿಗಳೂ ಬಂದವು. ನರಿಗೆ ಮನುಷ್ಯರ ಭಯ ಹೋಗಿತ್ತು, ಪಕ್ಕದ ಮನೆ ಅಂಗಳದಲ್ಲೂ ಹೋಗಿ ನಿಂತಿತು. ಅಲ್ಲಿಯ ಅಜ್ಜಿ ಕಲ್ಲು ಬೀಸಿದರು. ತಪ್ಪು ಅಜ್ಜಿಯದಲ್ಲ. ಭಯವಿಲ್ಲದೆ ಹತ್ತಿರ ಬರೋ ನರಿ ಕಂಡರೆ ಹುಚ್ಚು ಹಿಡಿದಿದೆಯೇನೋ ಅಂತ ಯಾರಿಗಾದರೂ ಅನ್ನಿಸುತ್ತೆ, ಅನ್ನಿಸಬೇಕು ಕೂಡ. ರೇಬಿಸ್ ತಮಾಷೆಯಲ್ಲ. ಕಚ್ಚಿದರೆ ಹರಿಯೋ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಬೇಕು.

ಊಟ ಇಡೋದು ಅವತ್ತೇ ನಿಲ್ಲಿಸಿದೆ. ಮೂಳೆ, ಕೋಳಿ ಪುಕ್ಕ ಎಲ್ಲ ಗುಂಡಿಗೆ, ಮೇಲೆ ಮಣ್ಣು. ನಮ್ಮ ನಾಯಿಯನ್ನು ರಾತ್ರಿ ಕಟ್ಟಿಹಾಕೋಕೆ ಶುರು ಮಾಡಿದೆವು. ಪಶು ಆಸ್ಪತ್ರೆಗೆ ಕರೆದೊಯ್ದು ರೇಬಿಸ್ ಲಸಿಕೆ, ಡಿಸ್ಟೆಂಪರ್ ಲಸಿಕೆ ಎರಡೂ ಹಾಕಿಸಿದೆವು. ಡಿಸ್ಟೆಂಪರ್ ನಾಯಿಯಿಂದ ನರಿಗೂ ದಾಟುವ ಕಾಯಿಲೆ. ನರಿ ಹಿತ್ತಲಿಗೆ ಬರೋದು ಮೆಲ್ಲಗೆ ಕಡಿಮೆಯಾಯಿತು. ನಂಗೆ ಬೇಜಾರಾಗಿದ್ದು ನಿಜ.

ಮಾರ್ಚ್ ಕೊನೆಗೆ ಬಿಲದಿಂದ ಮರಿಗಳು ಹೊರಬಂದವು. ಮೂರು. ಬಿಲಕ್ಕೆ ಐದು ಬಾಯಿ, ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಇಣುಕುತ್ತಿದ್ದವು. ಹುಣಸೆ ಮರದ ಮರೆಯಲ್ಲಿ ಕೂತು ನೋಡಿದರೆ ಎರಡು ಮರಿ ಏನನ್ನೋ ಹಿಡಿದು ಜಗ್ಗಾಡುತ್ತಿವೆ. ನನ್ನ ಮಗನ ಚಪ್ಪಲಿ! ನೀಲಿ ಪಟ್ಟಿ ಕಿತ್ತುಹೋಗಿತ್ತು, ಅಟ್ಟೆಯ ತುಂಬ ಹಲ್ಲಿನ ತೂತು. ತಾಯಿ ಸ್ವಲ್ಪ ದೂರದಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿತ್ತು. ನನ್ನ ಕಡೆ ಒಂದು ಸಲ ನೋಡಿ ಕ್ಯಾಕ್ ಅಂದದ್ದೇ ತಡ, ಚಪ್ಪಲಿ ಅಲ್ಲೇ ಬಿಟ್ಟು ಮೂರೂ ಮಾಯ.

ಏಪ್ರಿಲ್‌ನಲ್ಲಿ ಒಂದು ಮರಿಯನ್ನು ಬೀದಿನಾಯಿಗಳು ಹಿಡಿದವು. ನಾನು ಮೂಳೆ ಇಟ್ಟು ಅಭ್ಯಾಸ ಮಾಡಿಸಿದ ನಾಯಿಗಳೇ ಇರಬಹುದು. ಉಳಿದೆರಡು ಮಳೆಗಾಲಕ್ಕೆ ದೊಡ್ಡವಾಗಿ ಎತ್ತಲೋ ಹೋದವು.

ಈ ಸಲ ಸಂಕ್ರಾಂತಿ ಮುಗಿದ ಮೇಲೆ ಮಾಗಿ ಉಳುಮೆಗೆ ಟ್ರ್ಯಾಕ್ಟರ್ ಹೇಳಿದ್ದೆವು. ಬದುವಿನ ಹತ್ತಿರ ಹೋದರೆ ಬಿಲದ ಬಾಯಲ್ಲಿ ಹೊಸ ಕೆಮ್ಮಣ್ಣು ರಾಶಿ ಬಿದ್ದಿದೆ. ಟ್ರ್ಯಾಕ್ಟರ್ ಹುಡುಗನಿಗೆ ಈ ಕಡೆ ನಾಲ್ಕು ಸಾಲು ಬಿಟ್ಟು ಹೊಡಿಯಪ್ಪ ಅಂದೆ.

"ಯಾಕಕ್ಕ, ಕಲ್ಲೈತಾ?"

"ಬಾಣಂತಿ ಮನೆ ಐತೆ."

ಅವನು ಒಂದು ಸಲ ನನ್ನ, ಒಂದು ಸಲ ಬದುವನ್ನ ನೋಡಿದ. ಆರು ಸಾಲು ಬಿಟ್ಟು ಹೊಡೆದ.