ಡಾಕ್ ತೆಗೆದಿಟ್ಟು ಮಾನಿಟರ್‌ಗೇ ಎಲ್ಲ ಸಿಕ್ಕಿಸಿದ್ದು

ಮಾನಿಟರ್ ಒಳಗಿನ ಹಬ್ (ಅದರಲ್ಲಿರುವ ಯುಎಸ್‌ಬಿ ಪೋರ್ಟ್‌ಗಳ ಗುಂಪು) ಮೌಸ್, ಕೀಬೋರ್ಡ್‌ಗೆ ಸಾಕು, ನಿಜವಾದ ಕೆಲಸಕ್ಕೆ ಡಾಕ್ (ಲ್ಯಾಪ್‌ಟಾಪ್‌ಗೆ ಒಂದೇ ಕೇಬಲ್‌ನಲ್ಲಿ ಪರದೆ, ಚಾರ್ಜ್, ಪೋರ್ಟ್ ಎಲ್ಲ ಸೇರಿಸುವ ಪೆಟ್ಟಿಗೆ) ಬೇಕೇ ಬೇಕು ಅಂತ ಹೇಳಿದವರೇ ಹೆಚ್ಚು. ಈಗ ನನ್ನ ಮೇಜಿನ ಮೇಲೆ ಡಾಕ್ ಇಲ್ಲ. 27 ಇಂಚಿನ 4ಕೆ ಮಾನಿಟರ್ ಇದೆ, ಅದರಿಂದ ಒಂದೇ ಒಂದು ಯುಎಸ್‌ಬಿ-ಸಿ ಕೇಬಲ್ ಲ್ಯಾಪ್‌ಟಾಪ್‌ಗೆ ಹೋಗುತ್ತದೆ. 60 ಹರ್ಟ್ಸ್ ಚಿತ್ರ, 90 ವ್ಯಾಟ್ ಚಾರ್ಜ್, ತಂತಿಯ ನೆಟ್‌ವರ್ಕ್, ವೆಬ್‌ಕ್ಯಾಮ್, ಹೊರಗಿನ ಎಸ್‌ಎಸ್‌ಡಿ ಎಲ್ಲವೂ ಅದರಲ್ಲೇ. ಎರಡನೇ ಲ್ಯಾಪ್‌ಟಾಪ್ ಕೂಡ ಅದೇ ಕೀಬೋರ್ಡ್, ಅದೇ ಪರದೆ ಬಳಸುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ಎರಡು ಮಾನಿಟರ್ ವಾಪಸ್ ಹೋದವು. ಡಾಕ್‌ಗೆ ಹಾಕಿದ್ದ ದುಡ್ಡು ಮಾನಿಟರ್ ಬೆಲೆಯ ಮೂರರಲ್ಲಿ ಒಂದು ಪಾಲಿನಷ್ಟಿತ್ತು. ಅದು ಪೂರ್ತಿ ದಂಡ ಅಂತಲೇ ನನ್ನ ಲೆಕ್ಕ.

ಎಡವಿದ್ದು ಲೇನ್ ಲೆಕ್ಕದಲ್ಲಿ. ಯುಎಸ್‌ಬಿ-ಸಿ ಕೇಬಲ್‌ನಲ್ಲಿ ವೇಗದ ಲೇನ್, ಅಂದರೆ ಡೇಟಾ ಹರಿಯುವ ತಂತಿ ಜೋಡಿ, ಇರುವುದು ನಾಲ್ಕೇ. ನಾಲ್ಕನ್ನೂ ಚಿತ್ರಕ್ಕೆ ಕೊಟ್ಟರೆ ಹಬ್‌ಗೆ ಉಳಿಯುವುದು ಹಳೆಯ ಯುಎಸ್‌ಬಿ 2.0, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. ಎರಡನ್ನು ಹಬ್‌ಗೆ ಬಿಟ್ಟುಕೊಟ್ಟರೆ ಯುಎಸ್‌ಬಿ 3 ವೇಗ ಸಿಗುತ್ತದೆ, ಆದರೆ ಚಿತ್ರಕ್ಕೆ ಅರ್ಧ ದಾರಿ ಮಾತ್ರ. ಮಾನಿಟರ್ ಮೆನುವಿನಲ್ಲಿ 'ಯುಎಸ್‌ಬಿ-ಸಿ ಪ್ರಯಾರಿಟಿ' ಎಂಬಂಥ ಆಯ್ಕೆ ಇರುವುದು ಇದಕ್ಕೇ: ಒಂದು ಕಡೆ ಹೆಚ್ಚು ರೆಸಲ್ಯೂಶನ್, ಇನ್ನೊಂದು ಕಡೆ ಹೆಚ್ಚು ಡೇಟಾ ವೇಗ.

4ಕೆ, 60 ಹರ್ಟ್ಸ್, 8 ಬಿಟ್ ಬಣ್ಣಕ್ಕೆ ನೆನಪಿನ ಪ್ರಕಾರ ಸೆಕೆಂಡಿಗೆ ಸುಮಾರು 12.5 ಗಿಗಾಬಿಟ್ ಬೇಕು. ಚಿತ್ರ ಸಾಗಿಸುವ ಡಿಸ್‌ಪ್ಲೇಪೋರ್ಟ್ ಮಾನದಂಡದ 1.2ನೇ ಆವೃತ್ತಿಯಲ್ಲಿ, ಎಚ್‌ಬಿಆರ್2 ಎಂಬ ವೇಗದಲ್ಲಿ, ಎರಡು ಲೇನ್ ಸೇರಿ ಹೊರುವುದು 8.64. ಸಾಲದು. ನನ್ನ ಮೊದಲ ಮಾನಿಟರ್‌ನಲ್ಲಿ ಡೇಟಾ ವೇಗದ ಆಯ್ಕೆ ಒತ್ತಿದ ಕೂಡಲೇ ಪರದೆ 30 ಹರ್ಟ್ಸ್‌ಗೆ ಇಳಿದು, ಮೌಸ್ ಬಾಣ ಎಳೆದಂತೆ ಚಲಿಸತೊಡಗಿತು. ಅದನ್ನು ಮಾನಿಟರ್‌ನ ದೋಷ ಅಂದುಕೊಂಡು ವಾಪಸ್ ಮಾಡಿದೆ. ನಿಜವಾಗಿ ಆಗ ಸಿಕ್ಕಿಸಿದ್ದ ಲ್ಯಾಪ್‌ಟಾಪ್ ಹಳೆಯದು. ಇಂಟೆಲ್ 8ನೇ ತಲೆಮಾರಿನ ಯುಎಚ್‌ಡಿ 620 ಗ್ರಾಫಿಕ್ಸ್ ಡಿಸ್‌ಪ್ಲೇಪೋರ್ಟ್ 1.2ಕ್ಕೇ ನಿಲ್ಲುತ್ತದೆ. 11ನೇ ತಲೆಮಾರಿನಲ್ಲಿ 1.4 ಇದೆ. ಅದರ ಎಚ್‌ಬಿಆರ್3 ವೇಗದಲ್ಲಿ ಎರಡು ಲೇನ್ 12.96 ಗಿಗಾಬಿಟ್ ಹೊರುತ್ತವೆ. ಉಳಿಯುವುದು ಅರ್ಧ ಗಿಗಾಬಿಟ್‌ಗಿಂತ ಕಡಿಮೆ, ಆದರೂ ಸಾಕು. 10 ಬಿಟ್ ಬಣ್ಣ ಕೇಳಿದರೆ 15.7ರ ಹತ್ತಿರ ಹೋಗುತ್ತದೆ. ಡಿಎಸ್‌ಸಿ ಸಂಕುಚನ ಎರಡೂ ಕಡೆ ಇಲ್ಲದಿದ್ದರೆ ಹಿಡಿಸುವುದಿಲ್ಲ.

ವಿವರಪಟ್ಟಿಯಲ್ಲಿ 'ಡಿಪಿ 1.4' (ಡಿಸ್‌ಪ್ಲೇಪೋರ್ಟ್ 1.4) ಅಂತ ಬರೆದ ಮಾತ್ರಕ್ಕೆ ನಂಬಬೇಡಿ. ಎಚ್‌ಬಿಆರ್3 ಇಲ್ಲದೆಯೂ 1.4 ಅಂತ ಹಾಕಿಕೊಳ್ಳಲು ಅವಕಾಶ ಇದೆ. ಕೈಪಿಡಿ ತೆರೆದು, ಡೇಟಾ ವೇಗದ ಆಯ್ಕೆಯಲ್ಲಿ ಗರಿಷ್ಠ ರಿಫ್ರೆಶ್ ಎಷ್ಟು ಅಂತ ಬರೆದಿರುವ ಸಾಲನ್ನೇ ಹುಡುಕಬೇಕು. ಆ ಸಾಲೇ ಇಲ್ಲದ ಮಾನಿಟರನ್ನು ನಾನು ಪಟ್ಟಿಯಿಂದ ತೆಗೆದುಹಾಕುತ್ತೇನೆ.

ಲ್ಯಾಪ್‌ಟಾಪ್ ಹಳೆಯದಾದರೆ 4ಕೆ ಬಿಟ್ಟು 2560×1440 ತೆಗೆದುಕೊಳ್ಳಿ. 60 ಹರ್ಟ್ಸ್‌ಗೆ ಅದು 6 ಗಿಗಾಬಿಟ್ ಒಳಗೇ ಮುಗಿಯುತ್ತದೆ, ಎಚ್‌ಬಿಆರ್2ರ ಎರಡು ಲೇನ್‌ಗಳಲ್ಲೇ ಆರಾಮವಾಗಿ ಕೂರುತ್ತದೆ, ಹಬ್ ಪೂರ್ತಿ ವೇಗದಲ್ಲಿ ಓಡುತ್ತದೆ. ಕೊಟ್ಟ ಕಾಸಿಗೆ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ. ಥಂಡರ್‌ಬೋಲ್ಟ್ (ಯುಎಸ್‌ಬಿ-ಸಿ ಆಕಾರದ್ದೇ, ಹೆಚ್ಚು ವೇಗದ ಸಂಪರ್ಕ) ಮಾನಿಟರ್‌ನಲ್ಲಿ ಲೇನ್ ಜಗಳವೇ ಇಲ್ಲ, 40 ಗಿಗಾಬಿಟ್ ಇದೆ. ಆದರೆ ನಾನು ನೋಡಿದಾಗ ಬೆಲೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಇತ್ತು, ಅಷ್ಟು ಕೊಡಲು ನನಗೆ ಮನಸ್ಸು ಬರಲಿಲ್ಲ.

ವ್ಯತ್ಯಾಸ ಎಷ್ಟು ಅಂತ ತಿಳಿಯಲು 20 ಜಿಬಿ ಫೈಲ್ ಒಂದನ್ನು ಮಾನಿಟರ್‌ಗೆ ಸಿಕ್ಕಿಸಿದ ಎಸ್‌ಎಸ್‌ಡಿಗೆ ನಕಲು ಮಾಡಿ ನೋಡಿದೆ. ರೆಸಲ್ಯೂಶನ್ ಆಯ್ಕೆಯಲ್ಲಿ ಸೆಕೆಂಡಿಗೆ 38 ಎಂಬಿ ಆಸುಪಾಸು, ಒಂಬತ್ತು ನಿಮಿಷ ಹಿಡಿಯಿತು. ಡೇಟಾ ಆಯ್ಕೆಯಲ್ಲಿ ಒಂದು ನಿಮಿಷದೊಳಗೆ ಮುಗಿಯಿತು. ನೆಟ್‌ವರ್ಕ್ ಕೂಡ ಹಾಗೇ. ಮಾನಿಟರ್ ಹಿಂದೆ ಗಿಗಾಬಿಟ್ ಪೋರ್ಟ್ ಅಂತ ಬರೆದಿದ್ದರೂ ಹಬ್ 2.0ದಲ್ಲಿ ಓಡುವಾಗ 300 ಚಿಲ್ಲರೆ ಮೆಗಾಬಿಟ್ ದಾಟಲಿಲ್ಲ.

ಇನ್ನು ವ್ಯಾಟ್. ನಿಮ್ಮ ಅಡಾಪ್ಟರ್ ತಿರುಗಿಸಿ ನೋಡಿ: 20 ವೋಲ್ಟ್, 3.25 ಆಂಪ್ ಅಂದರೆ 65 ವ್ಯಾಟ್, 4.5 ಆಂಪ್ ಅಂದರೆ 90. ಮಾನಿಟರ್ ಕೊಡುವುದು ಕನಿಷ್ಠ ಅದಕ್ಕೆ ಸಮನಾಗಿರಬೇಕು. ನನ್ನ ಎರಡನೇ ಮಾನಿಟರ್ 65 ಕೊಡುತ್ತಿತ್ತು, ಲ್ಯಾಪ್‌ಟಾಪ್ ಕೇಳಿದ್ದು 90. ಸುಮ್ಮನೆ ಬರೆಯುವಾಗ ಏನೂ ಗೊತ್ತಾಗುವುದಿಲ್ಲ. ದೊಡ್ಡ ಕೋಡ್ ಕಂಪೈಲ್‌ಗೆ ಇಟ್ಟರೆ ಚಾರ್ಜರ್ ಚಿಹ್ನೆ ಬೆಳಗುತ್ತಿರುವಾಗಲೇ ಬ್ಯಾಟರಿ ಇಳಿಯುತ್ತಿತ್ತು, ಗಂಟೆಗೆ ಹತ್ತು ಹನ್ನೆರಡು ಶೇಕಡಾ ಇರಬೇಕು. ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇರುವ, 180 ವ್ಯಾಟ್ ಬೇಡುವ ಗೇಮಿಂಗ್ ಲ್ಯಾಪ್‌ಟಾಪ್‌ಗೆ ಈ ಒಂದೇ ಕೇಬಲ್ ವ್ಯವಸ್ಥೆ ಹೊಂದುವುದಿಲ್ಲ. ಅದರ ಅಡಾಪ್ಟರ್ ಬೇರೆ ಹಾಕಲೇಬೇಕು.

90 ವ್ಯಾಟ್‌ನ ಮಾನಿಟರ್ ತಂದ ಮೇಲೂ ಎರಡು ದಿನ 60ಕ್ಕಿಂತ ಮೇಲೆ ಹೋಗಲಿಲ್ಲ. ತಪ್ಪು ಕೇಬಲ್‌ನದು. 3 ಆಂಪ್‌ಗಿಂತ ಹೆಚ್ಚು ಹರಿಯಬೇಕಾದರೆ ಕೇಬಲ್ ತುದಿಯಲ್ಲಿ ಇ-ಮಾರ್ಕರ್ ಚಿಪ್ ಇರಬೇಕು. ಅದು '5 ಆಂಪ್ ತಡೆಯುತ್ತೇನೆ' ಅಂತ ತಿಳಿಸದಿದ್ದರೆ ಮಾನಿಟರ್ 20 ವೋಲ್ಟ್, 3 ಆಂಪ್‌ಗೇ ನಿಲ್ಲಿಸುತ್ತದೆ. ಫೋನ್ ಚಾರ್ಜ್ ಮಾಡುವ ತೆಳ್ಳನೆಯ ಬಿಳಿ ಕೇಬಲ್ ಹಾಕಿದಾಗಂತೂ ಚಾರ್ಜ್ ದೀಪ ಹತ್ತಿತು, ಪರದೆ ಮೇಲೆ 'ಸಿಗ್ನಲ್ ಇಲ್ಲ' ಅಂತ ಬಂತು. ಆ ಕೇಬಲ್‌ನಲ್ಲಿ ವೇಗದ ತಂತಿಗಳೇ ಇರುವುದಿಲ್ಲ. ಪೆಟ್ಟಿಗೆಯಲ್ಲಿ ಬಂದ ಕೇಬಲ್ ದಪ್ಪ, ಬಿರುಸು, ಬಗ್ಗಿಸಿದರೆ ತಾನಾಗಿ ನೆಟ್ಟಗಾಗುತ್ತದೆ, ಉದ್ದ ಒಂದೇ ಮೀಟರ್. ನೋಡಲು ಚೆಂದವಿಲ್ಲ ಅಂತ ಎತ್ತಿಟ್ಟಿದ್ದೆ. ಕೊನೆಗೆ ಅದೇ ಗೆದ್ದಿತು.

ಎರಡು ಲ್ಯಾಪ್‌ಟಾಪ್ ಇರುವವರು ಕೆವಿಎಂ (ಒಂದೇ ಕೀಬೋರ್ಡ್, ಮೌಸ್, ಪರದೆಯನ್ನು ಎರಡು ಯಂತ್ರಗಳ ನಡುವೆ ಬದಲಾಯಿಸುವ ಸೌಲಭ್ಯ) ಇರುವುದನ್ನೇ ತೆಗೆದುಕೊಳ್ಳಬೇಕು. ಒಂದು ಲ್ಯಾಪ್‌ಟಾಪ್ ಸಿ ಪೋರ್ಟ್‌ನಲ್ಲಿ, ಇನ್ನೊಂದು ಎಚ್‌ಡಿಎಂಐ ಜೊತೆಗೆ ಪ್ರತ್ಯೇಕ ಯುಎಸ್‌ಬಿ ಅಪ್‌ಸ್ಟ್ರೀಮ್ (ಹಬ್ಬನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ) ಕೇಬಲ್‌ನಲ್ಲಿ. ಮೆನುವಿನಲ್ಲಿ ಯಾವ ಇನ್‌ಪುಟ್‌ಗೆ ಯಾವ ಅಪ್‌ಸ್ಟ್ರೀಮ್ ಅಂತ ಜೋಡಿಸಿ, ಇನ್‌ಪುಟ್ ತಾನಾಗಿ ಹುಡುಕುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಇಲ್ಲದಿದ್ದರೆ ಒಂದು ಯಂತ್ರ ನಿದ್ದೆಯಿಂದ ಎದ್ದಾಗಲೆಲ್ಲ ಪರದೆಯನ್ನು ಕಿತ್ತುಕೊಳ್ಳುತ್ತದೆ. ಬದಲಾಯಿಸುವ ಕ್ಷಣದಲ್ಲಿ ಹಬ್ ಪೂರ್ತಿ ಕಳಚಿ ಇನ್ನೊಂದು ಕಡೆ ಸೇರುವುದರಿಂದ ಎಸ್‌ಎಸ್‌ಡಿ ಎಳೆದು ಕಿತ್ತಂತೆ ಆಗುತ್ತದೆ. ಒಮ್ಮೆ ನಕಲಿನ ನಡುವೆ ಬದಲಾಯಿಸಿ ಫೈಲ್ ಸಿಸ್ಟಮ್ ಕೆಡಿಸಿಕೊಂಡೆ. ಈಗ ಮೊದಲು ಇಜೆಕ್ಟ್, ಆಮೇಲೆ ಬದಲಾವಣೆ.

ಗುಂಡಿ ಒತ್ತುವ ಬದಲು ಕೀಬೋರ್ಡ್‌ನಿಂದಲೇ ಬದಲಾಯಿಸಬಹುದೇ ಅಂತ ನೋಡಲು ಹೋಗಿ ಒಂದು ಭಾನುವಾರ ಪೂರ್ತಿ ಕಳೆಯಿತು. ಲಿನಕ್ಸ್‌ನಲ್ಲಿ ಡಿಡಿಸಿಯುಟಿಲ್ (ಮಾನಿಟರ್‌ಗೆ ಆದೇಶ ಕಳಿಸುವ ತಂತ್ರಾಂಶ) ಹಾಕಿ, ಇನ್‌ಪುಟ್‌ಗೆ ಮೀಸಲಾದ ವಿಸಿಪಿ ಕೋಡ್ 60 ಬರೆದರೆ ಇನ್‌ಪುಟ್ ಬದಲಾಗುತ್ತದೆ. ನನ್ನ ಮಾನಿಟರ್‌ನಲ್ಲಿ ಎಚ್‌ಡಿಎಂಐಗೆ ಹೆಕ್ಸ್ 11, ಯುಎಸ್‌ಬಿ-ಸಿಗೆ 1ಬಿ. ನಿಮ್ಮದರಲ್ಲಿ ಬೇರೆ ಇರಬಹುದು, ಮೊದಲು ಕೆಪೆಬಿಲಿಟಿಸ್ (ಮಾನಿಟರ್ ಒಪ್ಪುವ ಕೋಡ್‌ಗಳ ಪಟ್ಟಿ) ಓದಿಸಿ ನೋಡಿ. ನಿದ್ದೆಯಲ್ಲಿರುವ ಲ್ಯಾಪ್‌ಟಾಪ್ ಕಡೆಗೂ ಒಂದೇ ಒತ್ತಿನಲ್ಲಿ ಹೋಗುವಂತೆ ಮಾಡಿಕೊಂಡಿದ್ದೇನೆ. ಆ ಸ್ಕ್ರಿಪ್ಟ್ ಮಾತ್ರ ನನ್ನ ಹತ್ತಿರವೇ ಇರಲಿ.

ಎರಡನೇ ಪರದೆಯನ್ನು ಮೊದಲನೆಯದರಿಂದ ಸರಪಳಿ ಮಾಡುವ ಎಂಎಸ್‌ಟಿಯನ್ನೂ ಪ್ರಯತ್ನಿಸಿದೆ. ವಿಂಡೋಸ್, ಲಿನಕ್ಸ್‌ನಲ್ಲಿ ಎರಡು 1080ಪಿ ಪರದೆ ಎರಡು ಲೇನ್‌ನಲ್ಲೇ ನಡೆದವು. ಮ್ಯಾಕ್‌ನಲ್ಲಿ ಎರಡೂ ಪರದೆಗೆ ಒಂದೇ ಚಿತ್ರ. ಮ್ಯಾಕ್‌ಓಎಸ್ ಎಂಎಸ್‌ಟಿಯಿಂದ ಪರದೆ ವಿಸ್ತರಿಸುವುದಿಲ್ಲ. ಯುಎಸ್‌ಬಿ ಡೇಟಾ ಮೂಲಕವೇ ಚಿತ್ರ ಕಳಿಸುವ ಡಿಸ್‌ಪ್ಲೇಲಿಂಕ್ ಈ ಅಡ್ಡಿಯನ್ನು ದಾಟಿಸುತ್ತದೆ, ಆದರೆ ಚಿತ್ರ ಕುಗ್ಗಿಸುವ ಕೆಲಸ ಪ್ರೊಸೆಸರ್ ಮೇಲೆ ಬೀಳುತ್ತದೆ. ಫ್ಯಾನ್ ಸದ್ದು ಕೇಳಿ ತೆಗೆದುಹಾಕಿದೆ.

ವೈರ್‌ಲೆಸ್ ಮೌಸ್‌ನ ಡಾಂಗಲ್ಲನ್ನು (ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಎಸ್‌ಎಸ್‌ಡಿ ಪಕ್ಕದ ಪೋರ್ಟ್‌ಗೆ ಹಾಕಬೇಡಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್‌ಗೆ ತಾಗುತ್ತದೆ, ಇಂಟೆಲ್ 2012ರಲ್ಲೇ ಇದನ್ನು ಬರೆದಿದೆ. ನಕಲು ನಡೆಯುವಾಗ ಬಾಣ ತಡವರಿಸುತ್ತದೆ. ಒಂದು ಮೀಟರ್ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಹಾಕಿ ಡಾಂಗಲ್ಲನ್ನು ಮೌಸ್ ಹತ್ತಿರ ತಂದರೆ ಮುಗಿಯಿತು.

ವಾಪಸ್ ಮಾಡುವ ಗಡುವಿನೊಳಗೆ ನಾನು ಮಾಡುವ ಪರೀಕ್ಷೆ ಇಷ್ಟು. ಡೇಟಾ ಆಯ್ಕೆಯಲ್ಲಿ 60 ಹರ್ಟ್ಸ್ ಉಳಿಯಿತೇ ಅಂತ ನೋಡುವುದು. ವೆಬ್‌ಕ್ಯಾಮ್, ನೆಟ್‌ವರ್ಕ್, ಎಸ್‌ಎಸ್‌ಡಿ ಮೂರನ್ನೂ ಅರ್ಧ ಗಂಟೆ ಒಟ್ಟಿಗೆ ಓಡಿಸಿ ಯಾವುದಾದರೂ ಕಳಚುತ್ತದೆಯೇ ಅಂತ ಕಾಯುವುದು. ಮುಚ್ಚಳ ಮುಚ್ಚಿ ಹತ್ತು ಸಲ ಮಲಗಿಸಿ ಎಬ್ಬಿಸುವುದು. ಮಾನಿಟರನ್ನು ಗುಂಡಿಯಿಂದ ಆಫ್ ಮಾಡಿದಾಗ ಚಾರ್ಜ್ ಮತ್ತು ಹಬ್ ನಿಲ್ಲುತ್ತವೆಯೇ ಅಂತಲೂ ನೋಡಿ. ಕೆಲವು ಮಾನಿಟರ್‌ಗಳಲ್ಲಿ ಸ್ಟ್ಯಾಂಡ್‌ಬೈ ಯುಎಸ್‌ಬಿ ಆಯ್ಕೆ ಮೊದಲೇ ಆಫ್ ಆಗಿರುತ್ತದೆ, ರಾತ್ರಿ ಬ್ಯಾಕಪ್ ಇಟ್ಟವರಿಗೆ ಬೆಳಿಗ್ಗೆ ಅರ್ಧ ಬ್ಯಾಕಪ್ ಸಿಗುತ್ತದೆ.

ಮಾನಿಟರ್‌ನ ನೆಟ್‌ವರ್ಕ್ ಪೋರ್ಟ್‌ಗೆ ಅದರದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಪೋರ್ಟ್‌ನ ಗುರುತಿನ ಸಂಖ್ಯೆ, ಆಪಲ್ ಮ್ಯಾಕ್ ಅಲ್ಲ) ಇರುತ್ತದೆ. ಹಾಗಾಗಿ ಎರಡೂ ಲ್ಯಾಪ್‌ಟಾಪ್‌ಗಳು ರೂಟರ್‌ಗೆ ಒಂದೇ ಯಂತ್ರದಂತೆ ಕಂಡು ಒಂದೇ ಐಪಿ ಪಡೆದವು, ಐಪಿ ನೋಡಿ ಬಿಡುವ ನನ್ನ ಫೈರ್‌ವಾಲ್ ನಿಯಮಗಳೆಲ್ಲ ಅದಲುಬದಲಾದವು. ಒಂದು ಲ್ಯಾಪ್‌ಟಾಪ್‌ನ ಬಯೋಸ್‌ನಲ್ಲಿ ಮ್ಯಾಕ್ ವಿಳಾಸ ಪಾಸ್-ಥ್ರೂ (ಮಾನಿಟರ್‌ನದರ ಬದಲು ಲ್ಯಾಪ್‌ಟಾಪ್‌ನದೇ ವಿಳಾಸ ತೋರಿಸುವ ಆಯ್ಕೆ) ಇತ್ತು, ಅದನ್ನು ಚಾಲೂ ಮಾಡಿದೆ. ಇನ್ನೊಂದಕ್ಕೆ ಕೈಯಿಂದಲೇ ಬೇರೆ ವಿಳಾಸ ಕೊಟ್ಟೆ. ಅಂದಿನಿಂದ ಎರಡೂ ಬೇರೆ ಬೇರೆ ಐಪಿಯಲ್ಲೇ ಇವೆ.