ಕಾಯಿಲೆ ರಜೆಯ ಖರ್ಚನ್ನು ಲೆಕ್ಕ ಹಾಕುವುದು ಹೇಗೆ?

ಇಎಸ್‌ಐ ಎಂಬ ಕಾರ್ಮಿಕರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟ ಕೆಲಸಗಾರ ಜ್ವರದಿಂದ ಮಲಗಿದರೆ ಭತ್ಯೆಯನ್ನು ಇಎಸ್‌ಐ ಕೊಡುತ್ತದೆ, ತಮಗೆ ಆ ದಿನಗಳ ಸಂಬಳ ಉಳಿಯುತ್ತದೆ ಎಂದು ಮಂಗಳೂರಿನ ಬೈಕಂಪಾಡಿಯ ಸಣ್ಣ ಕಾರ್ಖಾನೆಗಳಲ್ಲಾಗಲಿ ಕಾರ್ಕಳದ ಗೇರುಬೀಜ ಕಾರ್ಖಾನೆಗಳಲ್ಲಾಗಲಿ ಯಾವ ಮಾಲೀಕರಾದರೂ ಭಾವಿಸಿದ್ದರೆ, ಹಾಜರಿ ಪುಸ್ತಕವನ್ನೂ ಸಂಬಳ ಪಟ್ಟಿಯನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು.

ಕಳೆದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳನ್ನು ತೆರೆದು, ನಾಟಿ, ನಾಗರಪಂಚಮಿ, ಚೌತಿಯ ರಜೆಗಳನ್ನು ಬೇರ್ಪಡಿಸಿ, ಕಾಯಿಲೆಯ ದಿನಗಳನ್ನಷ್ಟೇ ಕೆಂಪು ಶಾಯಿಯಲ್ಲಿ ಗುರುತಿಸಿ. ಒಂದೇ ಹೆಸರಿನ ಮುಂದೆ ಕೆಲವು ವಾರಗಳ ಅಂತರದಲ್ಲಿ ಮತ್ತೆ ಕೆಂಪು ಗುರುತು ಬಿದ್ದಿದೆಯೇ ಎಂಬುದನ್ನು ವಿಶೇಷವಾಗಿ ಗಮನಿಸಿ.

ಈಗ ಒಬ್ಬರ ಲೆಕ್ಕ. ತಿಂಗಳಿಗೆ ₹18,200 ಸಂಬಳ, 26 ಕೆಲಸದ ದಿನ ಎಂದು ಹಿಡಿದರೆ ದಿನಕ್ಕೆ ₹700, ಎಂಟು ಗಂಟೆಯ ಲೆಕ್ಕದಲ್ಲಿ ಗಂಟೆಗೆ ₹87.50. ಅವರು ಆರು ದಿನ ಬಾರದಿದ್ದರೆ ₹4,200 ಉಳಿಯುತ್ತದೆ. ಆದರೆ ಜೊತೆಯ ಇಬ್ಬರು ದಿನಕ್ಕೆ ತಲಾ ಎರಡು ಗಂಟೆ ಓವರ್‌ಟೈಮ್ ಮಾಡಿದರೆ, ದುಪ್ಪಟ್ಟು ದರದಲ್ಲಿ ಗಂಟೆಗೆ ₹175ರಂತೆ ಅಷ್ಟೇ ₹4,200 ಹೋಗುತ್ತದೆ. ಉಳಿತಾಯವೆಲ್ಲ ಅಲ್ಲೇ ಮುಗಿಯಿತು, ಆದ ಕೆಲಸ ಮಾತ್ರ ಅರ್ಧ. ತಡವಾದ ಸರಕು, ದಣಿದ ಕೈಗಳಿಂದ ಹಾಳಾದ ಮಾಲು, ಮೇಸ್ತ್ರಿ ಹೊಸಬರಿಗೆ ಕಲಿಸಲು ಕಳೆದ ಹೊತ್ತು ಇವುಗಳನ್ನು ನಿಮ್ಮ ಅಂದಾಜಿನಂತೆ ಸೇರಿಸಿಕೊಳ್ಳಿ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದುಬಾರಿಯಾದುದು ಮರುಕಳಿಸುವ ಜ್ವರ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿ ಕುಳಿತು, ವಾರಗಳ ಅಥವಾ ತಿಂಗಳುಗಳ ಬಳಿಕ ಮತ್ತೆ ಏಳುತ್ತದೆ. ಅದನ್ನು ತಡೆಯಲು ವೈದ್ಯರು ಬರೆದುಕೊಡುವ ಪ್ರೈಮಾಕ್ವಿನ್ ಮಾತ್ರೆಯನ್ನು ಸಾಮಾನ್ಯವಾಗಿ 14 ದಿನ ನುಂಗಬೇಕು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತೆಂದು ಮಾತ್ರೆಯನ್ನೂ ಬಿಟ್ಟು ಕೆಲಸಕ್ಕೆ ಬಂದವರ ಹೆಸರಿನ ಮುಂದೆ ಎರಡನೆಯ ಕೆಂಪು ಗುರುತು ಬೀಳುವ ಸಂಭವ ಹೆಚ್ಚು.

ಅವರೇಕೆ ಅಷ್ಟು ಅವಸರದಿಂದ ಬರುತ್ತಾರೆ? ಇಎಸ್‌ಐ ಕಾಯಿಲೆ ಭತ್ಯೆ ವರ್ಷಕ್ಕೆ ಗರಿಷ್ಠ 91 ದಿನ, ವೇತನದ ಶೇ. 70ರಷ್ಟು ಮಾತ್ರ, ಮತ್ತು ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಅದು ಸಿಗುವುದಿಲ್ಲ. ದಿನಗೂಲಿಯ ಮೇಲೆ ಮನೆ ನಡೆಸುವವರು ಮೈ ಸುಡುತ್ತಿದ್ದರೂ ಆ ಎರಡು ದಿನ ಯಂತ್ರದ ಮುಂದೆ ನಿಲ್ಲುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆದ್ದರಿಂದ ಆ ಎರಡು ದಿನಗಳ ₹1,400ನ್ನು ನೀವೇ ಕೊಡಿ. ಅದಕ್ಕೆ ಒಂದೇ ಷರತ್ತು ಇಡಿ: ಜ್ವರ ಬಂದ ದಿನವೇ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು, ಅಲ್ಲಿ ಅದಕ್ಕೆ ಹಣ ಬೇಕಿಲ್ಲ. ಇಎಸ್‌ಐ ವೈದ್ಯರ ಪ್ರಮಾಣಪತ್ರವನ್ನೂ ಮೊದಲ ದಿನದಿಂದಲೇ ಪಡೆಯಲು ತಿಳಿಸಿ. ಮರಳಿ ಬಂದವರ ಮಾತ್ರೆಯ ದಿನಗಳನ್ನು ಹಾಜರಿ ಪುಸ್ತಕದ ಅಂಚಿನಲ್ಲೇ ಬರೆದಿಟ್ಟು, 14 ತುಂಬುವವರೆಗೆ ಪ್ರತಿದಿನ ಕೇಳುವ ಹೊಣೆಯನ್ನು ಮೇಸ್ತ್ರಿಗೆ ಒಪ್ಪಿಸಿ.

ಮಳೆ ಹಿಡಿಯುವ ಮೊದಲೇ ಕಾರ್ಖಾನೆಯ ತಾರಸಿಗೆ ಒಮ್ಮೆ ಹತ್ತಿ ನೋಡಿ. ಮಲೇರಿಯಾದ ಸೊಳ್ಳೆ ತಿಳಿ ನೀರಿನಲ್ಲೇ ಮೊಟ್ಟೆಯಿಡುವುದರಿಂದ, ಮುಚ್ಚಳ ಒಡೆದ ನೀರಿನ ಟ್ಯಾಂಕ್ ಇದ್ದರೆ ಅದನ್ನು ಆ ದಿನವೇ ಸರಿಪಡಿಸಬೇಕು.